ಕಲಿಯೋಕೆ ಅರ್ಧ, ಕಾಣಿಸಿಕೊಳ್ಳೋಕೆ ಅರ್ಧ

ಅಮೆರಿಕದ ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ ನಮ್ಮ ಪಕ್ಕದ ಮನೆಯವರು ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರು. ಫೆಬ್ರವರಿ ಅರ್ಧ ಕಳೆಯಿತು ಅಂದರೆ ಶನಿವಾರ, ಭಾನುವಾರ ಅವರು ಮನೆಯಲ್ಲಿ ಸಿಗುವುದಿಲ್ಲ. ಕಾಲೇಜು ಬೇಸ್‌ಬಾಲ್ ಸೀಸನ್ ಶುರುವಾಗಿರುತ್ತದೆ. ಸಣ್ಣ ಕಾಲೇಜುಗಳ ಮ್ಯಾಚ್‌ಗಳಿಗೆ ಅಂಪೈರ್ ಆಗಿ ಹೋಗುತ್ತಾರೆ. ಈ ಜನವರಿಯಲ್ಲಿ ರಜೆ ಹಾಕಿ, ತಾವೇ ಕಾರು ಓಡಿಸಿಕೊಂಡು ಜಾರ್ಜಿಯಾಗೆ ಹೋಗಿ ಬಂದರು. ಕಾಲೇಜು ಅಂಪೈರ್‌ಗಳ ತರಬೇತಿ ಶಿಬಿರ. ಇಲ್ಲಿ ಅದಕ್ಕೆ ಕ್ಲಿನಿಕ್ ಅಂತಾರೆ. ಫೀಸು ನೂರಾರು ಡಾಲರ್. ಹೋಟೆಲ್, ಪೆಟ್ರೋಲ್, ಊಟ ಬೇರೆ. ಎಲ್ಲವೂ ಕೈಯಿಂದಲೇ.

ಬಂದ ಮೇಲೆ ಬೇಲಿ ಹತ್ತಿರ ಸಿಕ್ಕಿದರು. ಇಷ್ಟು ವರ್ಷದಿಂದ ಈ ಕೆಲಸ ಮಾಡ್ತಿದ್ದೀರಿ, ಇನ್ನೂ ದುಡ್ಡು ಕೊಟ್ಟು ಕಲಿಯಬೇಕಾ ಅಂತ ಕೇಳಿದೆ. ಅವರು ಹೇಳಿದ್ದು ಇಷ್ಟು: "ಅರ್ಧ ದುಡ್ಡು ಕಲಿಯೋಕೆ. ಇನ್ನರ್ಧ ಕಾಣಿಸಿಕೊಳ್ಳೋಕೆ."

ನನ್ನ ಮಗಳು ಅಲ್ಲೇ ಸೈಕಲ್ ಹಿಡಿದು ನಿಂತಿದ್ದಳು. ಅವಳು ಥಟ್ಟನೆ ಕೇಳಿದಳು, "ಹಾಗಾದ್ರೆ ದುಡ್ಡಿಲ್ಲದ ಒಳ್ಳೆ ಅಂಪೈರ್ ಇದ್ರೆ, ಅವರನ್ನ ಯಾರು ನೋಡ್ತಾರೆ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಬ್ಬ ಗೆಳೆಯನ ವಿಷಯ ಹೇಳಿದರು. ಆತನಿಗೆ ಗೋದಾಮಿನಲ್ಲಿ ಕೆಲಸ. ಜನವರಿಯಲ್ಲಿ ರಜೆ ಕೊಡುವುದಿಲ್ಲ. ಹೈಸ್ಕೂಲು ಹುಡುಗರ ಮ್ಯಾಚ್‌ಗಳಲ್ಲೇ ಉಳಿದುಬಿಟ್ಟಿದ್ದಾನೆ. "ಕಣ್ಣು ನನಗಿಂತ ಚುರುಕು," ಅಂದರು. ಮಗಳ ಪ್ರಶ್ನೆ ಅವತ್ತಿನಿಂದ ನನ್ನನ್ನು ಬಿಟ್ಟಿಲ್ಲ.

ಕಲಿಕೆಯ ಅರ್ಧವನ್ನು ಮೊದಲು ಹೇಳುತ್ತೇನೆ. ಕ್ರಿಕೆಟ್ ನೋಡಿ ಬೆಳೆದ ನಮಗೆ ಅಂಪೈರ್ ಅಂದರೆ ನಿಂತಲ್ಲೇ ನಿಂತು ಬೆರಳೆತ್ತುವವರು. ಇಲ್ಲಿ ಹಾಗಲ್ಲ. ಚೆಂಡು ಎಸೆಯುವ ಪಿಚರ್ ನಿಲ್ಲುವ ಜಾಗದಿಂದ, ಬ್ಯಾಟರ್ ಪಕ್ಕದಲ್ಲಿ ನೆಲದ ಮೇಲಿರುವ ಪ್ಲೇಟಿಗೆ 60 ಅಡಿ 6 ಇಂಚು. ಗಂಟೆಗೆ 90 ಮೈಲಿ ವೇಗದಲ್ಲಿ ಬಂದ ಚೆಂಡಿಗೆ ಅಷ್ಟು ದೂರಕ್ಕೆ ಅರ್ಧ ಸೆಕೆಂಡೂ ಬೇಕಿಲ್ಲ. ಪ್ಲೇಟಿನ ಅಗಲ 17 ಇಂಚು. ಬ್ಯಾಟರ್ ಹೊಡೆಯದೆ ಬಿಟ್ಟ ಪ್ರತಿ ಚೆಂಡಿಗೂ, ಅದು ಪ್ಲೇಟಿನ ಮೇಲೆ ಹಾದುಹೋಯಿತಾ, ಎತ್ತರ ಸರಿ ಇತ್ತಾ ಅಂತ ಹಿಂದೆ ಬಗ್ಗಿ ನಿಂತ ಒಬ್ಬ ಮನುಷ್ಯ ಹೇಳಬೇಕು. ಒಂದು ಮ್ಯಾಚಿನಲ್ಲಿ ಇಂಥ ತೀರ್ಪು ನೂರು ದಾಟುವುದು ಮಾಮೂಲಿ.

ಕ್ಲಿನಿಕ್ಕಿನಲ್ಲಿ ಇದನ್ನು ಬಿಡಿಸಿ ಬಿಡಿಸಿ ಕಲಿಸುತ್ತಾರಂತೆ. ಪ್ಲೇಟಿನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್‌ಗೂ ಬ್ಯಾಟರ್‌ಗೂ ನಡುವಿನ ಸಂದಿಯಲ್ಲಿ ನಿಲ್ಲಬೇಕು. ಗದ್ದ ಕ್ಯಾಚರ್‌ನ ತಲೆಯ ಮಟ್ಟಕ್ಕೆ ಇರಬೇಕು. ತಲೆ ಅಲ್ಲಾಡಬಾರದು, ಕಣ್ಣು ಮಾತ್ರ ಚೆಂಡಿನ ಜೊತೆ ಹೋಗಬೇಕು. ಚೆಂಡು ಗ್ಲೌಸಿಗೆ ಬಿದ್ದ ಮೇಲೂ ಒಂದು ಕ್ಷಣ ತಡೆದು ಆಮೇಲೆ ಬಾಯಿ ಬಿಡಬೇಕು. ಅವಸರ ಮಾಡಿದವರೇ ಜಾಸ್ತಿ ತಪ್ಪುತ್ತಾರೆ. ಹಗಲು ಬಲೆಯೊಳಗೆ ನಿಲ್ಲಿಸಿ ವೀಡಿಯೊ ತೆಗೆಯುತ್ತಾರೆ, ಸಂಜೆ ಕೂರಿಸಿ ತೋರಿಸುತ್ತಾರೆ. ಚೆಂಡು ಹತ್ತಿರ ಬರುವಾಗ ಇವರ ತಲೆ ತುಸು ಕೆಳಗೆ ಜಾರುತ್ತಿತ್ತಂತೆ. ಅದಕ್ಕೇ ಮೊಣಕಾಲಿನ ಮಟ್ಟದ ಚೆಂಡುಗಳಲ್ಲಿ ಎಡವಟ್ಟಾಗುತ್ತಿತ್ತು. "ಇದನ್ನು ಇಷ್ಟು ವರ್ಷ ಯಾರೂ ನನಗೆ ಹೇಳಿರಲಿಲ್ಲ," ಅಂದಾಗ ಅವರ ಮುಖದಲ್ಲಿ ಖುಷಿಯೇ ಇತ್ತು. ಮೈದಾನದಲ್ಲಿ ಬೈಯುವವರು ಬೇಕಾದಷ್ಟು ಜನ. ತಪ್ಪು ಎಲ್ಲಿದೆ ಅಂತ ತೋರಿಸಿಕೊಟ್ಟು ತಿದ್ದುವವರು ಸಿಗುವುದು ಇಲ್ಲೇ.

ಓಟದ ಪಾಠವೂ ಇದೆ. ಸಣ್ಣ ಕಾಲೇಜುಗಳ ಎಷ್ಟೋ ಮ್ಯಾಚ್‌ಗಳಿಗೆ ಇಬ್ಬರೇ ಅಂಪೈರ್. ಬ್ಯಾಟರ್ ಓಡಿ ಮುಟ್ಟಬೇಕಾದ ಗುರುತುಗಳಿಗೆ ಬೇಸ್ ಅಂತಾರೆ. ಮೊದಲ ಬೇಸಿನಲ್ಲಿ ಒಬ್ಬ ಓಟಗಾರ ಇದ್ದಾಗ ಚೆಂಡು ದೂರಕ್ಕೆ ಹೋದರೆ, ಪ್ಲೇಟಿನ ಹಿಂದೆ ಇದ್ದವರೇ ಮಾಸ್ಕ್ ಕಿತ್ತು ಮೂರನೇ ಬೇಸಿನತ್ತ ಓಡಬೇಕು. ಮೊದಲ ಬೇಸಿನಲ್ಲಿ ಓಟಗಾರನ ಕಾಲು ಮೊದಲೋ ಚೆಂಡು ಮೊದಲೋ ಅಂತ ಹೇಳಲು ಕಣ್ಣು ಕಾಲಿನ ಮೇಲಿರಬೇಕು, ಕಿವಿ ಗ್ಲೌಸಿಗೆ ಚೆಂಡು ಬೀಳುವ ಸದ್ದಿನ ಮೇಲಿರಬೇಕು. ಹತ್ತಿರ ಹೋಗುವುದಕ್ಕಿಂತ ಸರಿಯಾದ ಕೋನದಲ್ಲಿ ನಿಲ್ಲುವುದು ಮುಖ್ಯ. ಪುಸ್ತಕ ಓದಿದರೆ ಇದು ಬರುವುದಿಲ್ಲ. ಈಜಿನ ಹಾಗೆ, ನೀರಿಗೆ ಇಳಿದೇ ಕಲಿಯಬೇಕು. ಈ ಅರ್ಧಕ್ಕೆ ಕೊಟ್ಟ ದುಡ್ಡು ದಂಡ ಅಂತ ನನಗೆ ಅನ್ನಿಸಲಿಲ್ಲ.

ಇನ್ನು ಕಾಣಿಸಿಕೊಳ್ಳುವ ಅರ್ಧ. ಕಾಲೇಜುಗಳು ಗುಂಪುಗುಂಪಾಗಿ ಸೇರಿ ಆಡುತ್ತವೆ, ಅವಕ್ಕೆ ಕಾನ್ಫರೆನ್ಸ್ ಅಂತ ಹೆಸರು. ಯಾವ ಮ್ಯಾಚಿಗೆ ಯಾವ ಅಂಪೈರ್ ಅಂತ ತೀರ್ಮಾನ ಮಾಡಲು ಪ್ರತಿ ಕಾನ್ಫರೆನ್ಸಿಗೂ ಒಬ್ಬ ಕೋಆರ್ಡಿನೇಟರ್. ಅಂಪೈರ್‌ಗಳು ಯಾರ ನೌಕರರೂ ಅಲ್ಲ, ಮ್ಯಾಚಿಗೆ ಇಷ್ಟು ಅಂತ ಫೀ. ಮಾಸ್ಕ್, ಎದೆಗವಚ, ಶೂ ಎಲ್ಲ ಅವರದೇ ಖರ್ಚು. ಸಣ್ಣ ಕಾಲೇಜುಗಳ ಮೂರನೇ ಡಿವಿಷನ್ನಿನಿಂದ ದೊಡ್ಡ ಕಾಲೇಜುಗಳ ಮೊದಲ ಡಿವಿಷನ್ನಿಗೆ ಏರಬೇಕಾದರೆ ಆ ಕೋಆರ್ಡಿನೇಟರ್ ಕಣ್ಣಿಗೆ ಬೀಳಬೇಕು. ಅವರು ಸಿಗುವ ಜಾಗ ಕ್ಲಿನಿಕ್. ಕೆಲವು ಕಡೆ ಪಾಠ ಮಾಡುವವರೂ ಅವರೇ, ಕೆಲಸ ಕೊಡುವವರೂ ಅವರೇ. ದುಡ್ಡು ಕಟ್ಟಿ ಬಂದ ಎಲ್ಲರಿಗೂ ಕೆಲಸ ಸಿಗುವುದಿಲ್ಲ. ಮುಂದಿನ ವರ್ಷ ಬಾ ಅಂತಾರೆ. ಮುಂದಿನ ವರ್ಷ ಮತ್ತೆ ಫೀಸು.

ಇದು ನನಗೆ ಸರಿ ಕಾಣಲಿಲ್ಲ. ದೊಡ್ಡ ಕಾಲೇಜುಗಳ ಬೇಸ್‌ಬಾಲ್ ಕೋಚ್‌ಗಳಲ್ಲಿ ಕೆಲವರಿಗೆ ವರ್ಷಕ್ಕೆ 10 ಲಕ್ಷ ಡಾಲರ್‌ಗಿಂತ ಜಾಸ್ತಿ ಸಂಬಳ. 1950ರಿಂದ ನೆಬ್ರಾಸ್ಕಾದ ಒಮಾಹಾದಲ್ಲಿ ನಡೆಯುವ ಕಾಲೇಜು ವರ್ಲ್ಡ್ ಸೀರೀಸ್ ಟಿವಿಯಲ್ಲಿ ದೇಶಕ್ಕೆಲ್ಲ ಬರುತ್ತದೆ. ಅಷ್ಟು ದುಡ್ಡು ಓಡಾಡುವ ಆಟದಲ್ಲಿ, ತೀರ್ಪು ಕೊಡುವವರು ತಮ್ಮ ಜೇಬಿನಿಂದ ಕಲಿತು ಬರಬೇಕಂತೆ. ಒಳ್ಳೆ ತೀರ್ಪು ಬೇಕಾಗಿರುವುದು ಕಾಲೇಜುಗಳಿಗೆ ಅಲ್ವಾ? ಕಲಿಸುವ ಖರ್ಚೂ ಅವರದೇ ಆಗಬೇಕು.

ಆಗದ ಮಾತೇನಲ್ಲ. ವೃತ್ತಿಪರ ಬೇಸ್‌ಬಾಲ್‌ನಲ್ಲಿ ಎಲ್ಲಕ್ಕಿಂತ ಮೇಲಿನ ಮೇಜರ್ ಲೀಗ್ ಈಗ ಒಂದು ದಿನದ ಅಂಪೈರ್ ಶಿಬಿರಗಳನ್ನು ಪುಕ್ಕಟೆಯಾಗಿ ನಡೆಸುತ್ತದೆ. ಜೆನ್ ಪಾವಲ್ ಕಾಲೇಜು ಸಾಫ್ಟ್‌ಬಾಲ್‌ಗೆ ಅಂಪೈರ್ ಆಗಿದ್ದವರು. 2015ರಲ್ಲಿ ಮೇಜರ್ ಲೀಗ್ ನಡೆಸಿದ ಇಂಥ ಒಂದು ಶಿಬಿರಕ್ಕೆ ಹೋಗಿ ಕಣ್ಣಿಗೆ ಬಿದ್ದರು. ಅಲ್ಲಿಂದ ಫ್ಲಾರಿಡಾದ ಅಕಾಡೆಮಿ, ಆಮೇಲೆ ಕೆಳಗಿನ ಲೀಗ್‌ಗಳಲ್ಲಿ ವರ್ಷಗಟ್ಟಲೆ ದುಡಿತ. 2025ರ ಆಗಸ್ಟ್‌ನಲ್ಲಿ ಮೇಜರ್ ಲೀಗ್ ಮ್ಯಾಚಿಗೆ ನಿಂತ ಮೊದಲ ಹೆಣ್ಣು ಅಂಪೈರ್ ಆದರು. ಬಾಗಿಲು ತೆರೆದಿಟ್ಟರೆ ಯಾರು ಬೇಕಾದರೂ ಬರಬಹುದು ಅನ್ನುವುದಕ್ಕೆ ನಾನು ಮಗಳಿಗೆ ಹೇಳಿದ ಉದಾಹರಣೆ ಇದು.

ಇದನ್ನೆಲ್ಲ ಯೋಚಿಸುವಾಗ ನನಗೆ ತಿಪಟೂರಿನ ನಮ್ಮ ಚಿಕ್ಕಪ್ಪ ನೆನಪಾಗುತ್ತಲೇ ಇದ್ದರು. ಅವರು ಪಿಟಿ ಮೇಷ್ಟ್ರು. ಸುತ್ತಲ ಊರುಗಳ ಕಬಡ್ಡಿ ಪಂದ್ಯಗಳಿಗೆ ರೆಫರಿ. ಒಂದು ಸಲ ರೆಫರಿ ಪರೀಕ್ಷೆ ಬರೆಯುತ್ತೇನೆ ಅಂತ ಬೆಳಗಿನ ಬಸ್ಸು ಹಿಡಿದು ಬೆಂಗಳೂರಿಗೆ ಹೊರಟರು. "ಬೈಸಿಕೊಳ್ಳೋಕೆ ಕೈಯಿಂದ ದುಡ್ಡು ಹಾಕ್ಕೊಂಡು ಬೇರೆ ಹೋಗ್ತೀರಾ?" ಅಂತ ಚಿಕ್ಕಮ್ಮ ಕೇಳಿದ್ದು ನನಗಿನ್ನೂ ಕಿವಿಯಲ್ಲಿದೆ. ಚಿಕ್ಕಮ್ಮನ ಮಾತು ಸುಳ್ಳಲ್ಲ. ಒಂದು ಊರಿನ ಫೈನಲ್‌ನಲ್ಲಿ ಆ ಊರಿನ ರೈಡರ್ ಕಾಲು ಗೆರೆ ದಾಟಿತು ಅಂತ ಔಟ್ ಕೊಟ್ಟರು. ಜನ ಅಂಗಣಕ್ಕೇ ನುಗ್ಗಿದರು. ಯಾರೋ ಪುಣ್ಯಾತ್ಮರು ಚಿಕ್ಕಪ್ಪನನ್ನು ಬೈಕಿನಲ್ಲಿ ಕೂರಿಸಿಕೊಂಡು ತೋಟದ ದಾರಿಯಲ್ಲಿ ದಾಟಿಸಿದರು. ಅವತ್ತು ಬಸ್ ಚಾರ್ಜೂ ಕೈಗೆ ಬರಲಿಲ್ಲ. ಮುಂದಿನ ವಾರ ಬೇರೆ ಊರಿನವರು ಕರೆದರು, ಮತ್ತೆ ಹೋದರು.

ಟೆನಿಸ್ ಬಾಲ್ ಕ್ರಿಕೆಟ್ಟಿನ ಕಥೆ ನಿಮಗೇ ಗೊತ್ತು. ಬ್ಯಾಟಿಂಗ್ ಮಾಡುವ ಟೀಮಿನವರೇ ಅಂಪೈರ್. ಕಪ್ಪಿಗೆ, ಫ್ಲೆಕ್ಸಿಗೆ, ಮೈಕ್ ಸೆಟ್ಟಿಗೆ ದುಡ್ಡು ಇರುತ್ತದೆ. ತೀರ್ಪು ಕೊಡುವವರಿಗೆ ಇರುವುದಿಲ್ಲ. ಮೇಲಿನ ಮಟ್ಟದಲ್ಲೂ ಕೊರತೆ ಇದೆ. 2022ರಲ್ಲಿ ಬಿಸಿಸಿಐ ಅಹಮದಾಬಾದಿನಲ್ಲಿ ನಡೆಸಿದ ಅಂಪೈರ್ ಪರೀಕ್ಷೆಯಲ್ಲಿ 140 ಜನರಲ್ಲಿ ಪಾಸಾದವರು ಮೂವರೇ. ಪರೀಕ್ಷೆ ಬಿಗಿಯಾಗಿಯೇ ಇರಲಿ. ಉಳಿದ 137 ಜನ ಎಲ್ಲಿ ಹೋಗಿ ಕಲಿಯಬೇಕು ಅನ್ನುವುದು ನನ್ನ ಪ್ರಶ್ನೆ. 1999ರಲ್ಲಿ ಕೋಟ್ಲಾದಲ್ಲಿ ಕುಂಬ್ಳೆ ಹತ್ತೂ ವಿಕೆಟ್ ತೆಗೆದದ್ದು ನಮಗೆಲ್ಲ ಬಾಯಿಪಾಠ. ಆ ಟೆಸ್ಟಿಗೆ ನಿಂತ ಇಬ್ಬರು ಅಂಪೈರ್‌ಗಳಲ್ಲಿ ಒಬ್ಬರು ನಮ್ಮವರೇ ಆದ ಎ.ವಿ. ಜಯಪ್ರಕಾಶ್. ಅವರ ಹೆಸರು ಎಷ್ಟು ಜನರಿಗೆ ನೆನಪಿದೆ? ಇಲ್ಲಿ ಅಮೆರಿಕದಲ್ಲಿ ಅಂಪೈರ್‌ಗಳಿಂದ ದುಡ್ಡು ಕಿತ್ತುಕೊಂಡಾದರೂ ಕಲಿಸುತ್ತಾರೆ. ನಮ್ಮ ಊರುಗಳಲ್ಲಿ ಕಲಿಯಬೇಕು ಅಂತ ಹೊರಟವರಿಗೂ ದಾರಿ ಇಲ್ಲ. ಎರಡೂ ಕಡೆ ಹೊರೆ ಬೀಳುವುದು ತೀರ್ಪು ಕೊಡುವವರ ಮೇಲೆಯೇ.

ನಮ್ಮೂರಿನ ಗೆಳೆಯರ ಬಳಗ ಪ್ರತಿ ಬೇಸಿಗೆಯಲ್ಲಿ ಕ್ರಿಕೆಟ್ ಟೂರ್ನಿ ಮಾಡುತ್ತದೆ. ಹೊರಗಿರುವ ನಮ್ಮಂಥವರಿಗೆಲ್ಲ ಫೋನ್ ಬರುತ್ತದೆ. ಈ ಸಲ ಮೊನ್ನೆ ಬಂದಾಗ, ನನ್ನ ದುಡ್ಡು ಕಪ್ಪಿಗೆ ಬೇಡ, ಅಂಪೈರಿಂಗ್ ಕಲಿಸೋಕೆ ಇಡಿ ಅಂದೆ. "ಅಕ್ಕಾ, ಅದಕ್ಕೆ ಯಾರು ಬರ್ತಾರೆ? ಬೈಗುಳ ತಿನ್ನೋ ಕೆಲಸ," ಅಂದ ಹುಡುಗ. ಬರುವವರಿಗೆ ಫೀಸು ಇಲ್ಲ, ಊಟ ಮತ್ತು ಬಸ್ ಚಾರ್ಜು ನಾವೇ ಕೊಡೋಣ, ಹುಡುಗಿಯರನ್ನೂ ಕರೆಯಿರಿ, ಆಮೇಲೆ ಟೂರ್ನಿಯಲ್ಲಿ ನಿಂತರೆ ಮ್ಯಾಚಿಗೆ ಇಷ್ಟು ಅಂತ ಕೈಗೆ ಕೊಡಿ ಅಂತ ಹೇಳಿದೆ. ತುಮಕೂರಿನಲ್ಲಿ ಪರೀಕ್ಷೆ ಪಾಸಾದ ಅಂಪೈರ್ ಒಬ್ಬರು ಅವನಿಗೆ ಗೊತ್ತಂತೆ. ಕೇಳಿ ನೋಡ್ತೀನಿ ಅಂದಿದ್ದಾನೆ. ಅವರು ಒಪ್ಪಿದರೆ ಏಪ್ರಿಲ್‌ನಲ್ಲಿ ಎರಡು ದಿನ, ಕಾಲೇಜು ಮೈದಾನದಲ್ಲಿ. ತಿಪಟೂರಿನ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಆಸೆ ಇರುವ ಹುಡುಗ ಹುಡುಗಿಯರನ್ನು ಕಳಿಸಿ.