ವಾರದ ಒಂದು ರಜೆ, ಕ್ರಿಕೆಟ್ ಮ್ಯಾಚು ಮತ್ತು ಫಾರಂ 6ಎ

ಕುವೈತ್, ಮಸ್ಕತ್, ದುಬೈಗಳಲ್ಲಿ ದುಡಿಯುವ ಮಂಡ್ಯ, ಮೈಸೂರು ಕಡೆಯ ಹುಡುಗರ ಕ್ರಿಕೆಟ್ ತಂಡಗಳಲ್ಲಿ ಒಂದು ಜಗಳ ಮುಗಿಯುವುದೇ ಇಲ್ಲ. ಇರುವುದು ವಾರಕ್ಕೊಂದು ರಜೆ. ಆ ದಿನ ಆಡಬೇಕೋ, ಊರಿನ ಮತದಾರರ ಪಟ್ಟಿಗೆ ಹೆಸರು ಸೇರಿಸುವ ಕೆಲಸಕ್ಕೆ ಕೂರಬೇಕೋ?

ಪಕ್ಕದ ಅಂಕಣದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವ ಫಿಲಿಪಿನೋಗಳಿಗೂ ಇದೇ ಇಕ್ಕಟ್ಟು. ಹಾಂಗ್‌ಕಾಂಗ್‌ನಲ್ಲಿ ಮನೆಗೆಲಸ ಮಾಡುವ ಫಿಲಿಪಿನೋ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರಿಗೆ ಭಾನುವಾರ ರಜೆ. ಗೆಳತಿಯರ ಜೊತೆ ಹೊತ್ತು ಕಳೆಯುವುದೂ ಅಂದೇ, ಕೂಲಿಗಾಗಿ ಮೆರವಣಿಗೆ ಹೊರಡುವುದೂ ಅಂದೇ. ಆದರೆ ಅವರಿಗೆ ಕಾನೂನಿನ ಬಲವಿದೆ. ಅವರ ದೇಶದ 2003ರ ಕಾಯ್ದೆಯಿಂದಾಗಿ 2004ರಿಂದಲೇ ಹೊರದೇಶದಲ್ಲಿದ್ದುಕೊಂಡು ಮತ ಹಾಕುತ್ತಿದ್ದಾರೆ. ಮತದಾನ ಸುಮಾರು ಒಂದು ತಿಂಗಳು ನಡೆಯುತ್ತದೆ. 2025ರಲ್ಲಿ ಇಂಟರ್ನೆಟ್ ಮೂಲಕವೂ ಮತ ಹಾಕಿದರು. ಅಂಕಣದ ಪಕ್ಕ ಒಂದು ಮೇಜು ಹಾಕಿ ಹೆಸರು ನೋಂದಾಯಿಸಿದರೆ ಅವರ ಕೆಲಸ ಬಹುಪಾಲು ಮುಗಿಯಿತು.

ನಮಗೆ ಹಾಗಲ್ಲ. ನಮ್ಮ ಜನಪ್ರತಿನಿಧಿ ಕಾಯ್ದೆಗೆ ಆದ 2010ರ ತಿದ್ದುಪಡಿ ಅನಿವಾಸಿ ಭಾರತೀಯರನ್ನು ಮತಪಟ್ಟಿಗೆ ಸೇರಿಸಿತು, ಆದರೆ ಅಂಚೆ ಮತ ಕೊಡಲಿಲ್ಲ. ಅಸಲಿ ಪಾಸ್‌ಪೋರ್ಟ್ ಹಿಡಿದು ಊರಿನ ಮತಗಟ್ಟೆಗೇ ಬರಬೇಕು. ಹಾಗಾಗಿ ತಂಡದವರನ್ನು ಮೊದಲು ಕೇಳಬೇಕಾದದ್ದು ಚುನಾವಣೆ ಹೊತ್ತಿಗೆ ಯಾರು ರಜೆ ಹಾಕಿ ಬರುತ್ತೀರಿ ಎಂದು. ಬರುವವರ ಅರ್ಜಿ ಮೊದಲು ಆಗಲಿ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದರೆ ಆ ಚುನಾವಣೆಗೆ ಹೆಸರು ಸೇರುವುದಿಲ್ಲ. ಮ್ಯಾಚುಗಳ ಪಟ್ಟಿ ಹಾಕುವಾಗಲೇ ಈ ಕೆಲಸಕ್ಕೂ ದಿನ ಗೊತ್ತು ಮಾಡಿಬಿಡಿ.

ಬೇಕಾದದ್ದು ಫಾರಂ 6ಎ, ಅಂದರೆ ಹೊರದೇಶದಲ್ಲಿರುವವರು ಮತಪಟ್ಟಿಗೆ ಸೇರಲು ಹಾಕುವ ಅರ್ಜಿ. ಒಂದು ಬಣ್ಣದ ಫೋಟೊ, ಪಾಸ್‌ಪೋರ್ಟಿನಲ್ಲಿ ಫೋಟೊ ಇರುವ ಪುಟ, ವಿಳಾಸದ ಪುಟ ಮತ್ತು ವೀಸಾ ಪುಟದ ಜೆರಾಕ್ಸ್. ಅಂಚೆಯಲ್ಲಿ ಕಳಿಸುವುದಾದರೆ ಪ್ರತಿ ಜೆರಾಕ್ಸಿನ ಮೇಲೂ ಸ್ವಂತ ಸಹಿ ಇರಬೇಕು. ಚುನಾವಣಾ ಆಯೋಗದ ಜಾಲತಾಣದಲ್ಲೂ ಅರ್ಜಿ ಹಾಕಬಹುದು. ಬೇರೆ ದೇಶದ ಪೌರತ್ವ ಪಡೆದವರು ಅರ್ಹರಲ್ಲ. ಮೊದಲೇ ವೋಟರ್ ಕಾರ್ಡ್ ಇದ್ದವರು ಅದನ್ನು ಅರ್ಜಿಯೊಂದಿಗೆ ಒಪ್ಪಿಸಬೇಕು. ಎರಡು ಕಡೆ ಹೆಸರು ಇಟ್ಟುಕೊಂಡು ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ.

ಎಡವಟ್ಟು ಹೆಚ್ಚಾಗಿ ಆಗುವುದು ವಿಳಾಸದಲ್ಲಿ. ಪಾಸ್‌ಪೋರ್ಟಿನಲ್ಲಿರುವ ವಿಳಾಸವೇ ಕ್ಷೇತ್ರವನ್ನು ತೀರ್ಮಾನಿಸುತ್ತದೆ. ಬೆಂಗಳೂರಿನ ಬಾಡಿಗೆ ಮನೆಯ ವಿಳಾಸದಲ್ಲಿ ಪಾಸ್‌ಪೋರ್ಟ್ ಮಾಡಿಸಿದ್ದರೆ ಮದ್ದೂರಿನಲ್ಲಿ ಹೆಸರು ಬರುವುದಿಲ್ಲ. ಎರಡನೆಯದು, ಮನೆಯವರಿಗೆ ವಿಷಯ ತಿಳಿಸದಿರುವುದು. ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ಆ ವಿಳಾಸಕ್ಕೇ ಬಂದು ದಾಖಲೆಗಳನ್ನು ಮನೆಯವರಿಗೆ ತೋರಿಸಿ ವಿಚಾರಿಸುತ್ತಾರೆ. ಪಾಂಡವಪುರದಲ್ಲಿರುವ ಅವ್ವನಿಗೆ ಒಂದು ಫೋನ್ ಮಾಡಿ, 'ಬಂದವರಿಗೆ ನಮ್ಮ ಹುಡುಗನೇ ಅನ್ನವ್ವ, ಅಲ್ಲಿ ಕೆಲಸದಲ್ಲವ್ನೆ ಅನ್ನು' ಅಂತ ಹೇಳಿಟ್ಟರೆ ಸಾಕು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಕಾಗದಪತ್ರ ರಾಯಭಾರ ಕಚೇರಿಗೆ ಹೋಗುತ್ತದೆ, ತಡವಾಗುತ್ತದೆ. ಯುಎಇಯಲ್ಲಿ 2022ರಿಂದ ಪಾಸ್‌ಪೋರ್ಟಿಗೆ ವೀಸಾ ಚೀಟಿ ಅಂಟಿಸುವುದಿಲ್ಲ. ಅಲ್ಲಿನವರು ವೀಸಾದ ಪ್ರಿಂಟ್ ತೆಗೆದಿಟ್ಟುಕೊಂಡಿರಬೇಕು.

ಇನ್ನು ಮೈದಾನದ ಮಾತು. 'ಆಟದಲ್ಲಿ ರಾಜಕೀಯ ಬೇಡ' ಅನ್ನುವ ಕ್ಯಾಪ್ಟನ್‌ಗಳ ಮಾತಿನಲ್ಲಿ ಅರ್ಧ ಸತ್ಯವಿದೆ. ಜೆರ್ಸಿ ಮೇಲೆ ನಾಯಕರ ಫೋಟೊ, ಫೈನಲ್ ಮುಂಚೆ ಭಾಷಣ, ಪಕ್ಷದ ದುಡ್ಡಿನ ಟ್ರೋಫಿ ಇವು ಖಂಡಿತ ಬೇಡ. ಒಂದೇ ಸಲಕ್ಕೆ ತಂಡ ಒಡೆದು ಎರಡಾಗುತ್ತದೆ. ಗಲ್ಫ್‌ನಲ್ಲಿ ಅದರಿಂದ ಕೆಲಸಕ್ಕೂ ಸಂಚಕಾರ. ಯುಎಇಯಲ್ಲಂತೂ ಪರವಾನಗಿ ಇಲ್ಲದೆ ಚಂದಾ ಎತ್ತುವುದೇ ಅಪರಾಧ. ಆದರೆ ಪಟ್ಟಿಗೆ ಹೆಸರು ಸೇರಿಸುವುದು ಯಾವ ಪಕ್ಷದ ಕೆಲಸವೂ ಅಲ್ಲ. ಡ್ರೈವರ್, ನರ್ಸ್, ಪ್ಲಂಬರ್, ಇಂಜಿನಿಯರ್ ಒಟ್ಟಿಗೆ ಸಿಗುವ ಜಾಗ ಆ ಮೈದಾನ ಒಂದೇ. ಅದನ್ನು ಕಾಲಹರಣ ಅಂತ ಹೀಗಳೆಯುವ ಸಂಘದ ಹಿರಿಯರೂ ಇದನ್ನು ತಿಳಿಯಬೇಕು.

ಮ್ಯಾಚ್ ನಿಲ್ಲಿಸಬೇಡಿ. ಒಂದು ಇನ್ನಿಂಗ್ಸ್ ಮುಗಿದ ಬಿಡುವಿನಲ್ಲಿ, ಬ್ಯಾಟಿಂಗ್ ಸರದಿಗೆ ಕಾಯುವವರನ್ನು ಒಬ್ಬೊಬ್ಬರಾಗಿ ಕೂರಿಸಿ, ಅವರವರ ಫೋನಿನಲ್ಲೇ ಅರ್ಜಿ ತುಂಬಿಸಿ. ಪಾಸ್‌ಪೋರ್ಟ್ ಫೋಟೊಗಳನ್ನು ತಂಡದ ವಾಟ್ಸಾಪ್ ಗುಂಪಿಗೆ ಹಾಕಿಸಿಕೊಳ್ಳಬೇಡಿ, ಕ್ಯಾಪ್ಟನ್ ಕೈಗೂ ಕೊಡಿಸಬೇಡಿ. ಅರ್ಜಿಯ ಸಂಖ್ಯೆ ಬಂದಮೇಲೆ ಅದನ್ನಷ್ಟೇ ಬರೆದಿಟ್ಟುಕೊಂಡರೆ, ಊರಿನಲ್ಲಿರುವ ತಮ್ಮನೋ ಭಾವನೋ ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಯಲ್ಲಿ ವಿಚಾರಿಸಬಹುದು. ಕಾಯಂ ಊರಿಗೆ ಮರಳಿದವರು ಮಾತ್ರ ಈ ನೋಂದಣಿಯನ್ನೇ ನೆಚ್ಚಿ ಕೂರುವಂತಿಲ್ಲ. ಫಾರಂ 6 ಹಾಕಿ ಸ್ಥಳೀಯ ಮತದಾರರಾಗಿ ಹೊಸದಾಗಿ ಸೇರಬೇಕು.