ಮಳೆ ನೀರಿನ ಸರದಿ

ಬೆಳಿಗ್ಗೆ ಐದೂವರೆಗೆ ಸಣ್ಣ ಗಾಜಿನ ಶೀಶೆಯಲ್ಲಿ ನೀರು ಹಿಡಿದು, ಪುಡಿ ಹಾಕಿ, ಅಲ್ಲಾಡಿಸಿದೆ. ನೀರು ಗುಲಾಬಿಗೆ ತಿರುಗಿತು. ಶೀಶೆ ಸರಿಯಾಗಿ ತೊಳೆದಿರಲಿಕ್ಕಿಲ್ಲ ಎಂದುಕೊಂಡು ಮತ್ತೆ ತೊಳೆದು ಇನ್ನೊಮ್ಮೆ ಹಿಡಿದೆ. ಮತ್ತೂ ಗುಲಾಬಿ, ಮದುವೆ ಮನೆಯ ಶರಬತ್ತಿನ ಹಾಗೆ. ಇದ್ದಿಲು ತುಂಬಿದ ಎರಡು ಟ್ಯಾಂಕುಗಳನ್ನು ದಾಟಿ ಬಂದ ನೀರಿಗೆ ಬಣ್ಣ ಬರಲೇಬಾರದು. ಬಂತೆಂದರೆ ಕ್ಲೋರಿನ್ ಉಳಿದಿದೆ ಎಂದರ್ಥ. ಆ ನೀರನ್ನು, ಕೆಟ್ಟ ಕಿಡ್ನಿಯ ಬದಲು ರಕ್ತ ಸೋಸುವ ಡಯಾಲಿಸಿಸ್ ಯಂತ್ರಕ್ಕೆ ಬಿಟ್ಟರೆ ಕ್ಲೋರಿನ್ ತೆಳು ಪೊರೆ ದಾಟಿ ರಕ್ತಕ್ಕೆ ಸೇರುತ್ತದೆ, ಕೆಂಪು ರಕ್ತಕಣಗಳು ಒಡೆಯುತ್ತವೆ. ಲೀಟರಿಗೆ 0.1 ಮಿಲಿಗ್ರಾಂ, ಅಷ್ಟೇ ಮಿತಿ. ಅದಕ್ಕಿಂತ ಮೇಲೆ ಹೋದರೆ ಯಂತ್ರ ಹಚ್ಚುವಂತಿಲ್ಲ.

ಹೊರಗಿನ ಬೆಂಚಿನ ಮೇಲೆ ಆಗಲೇ ಹನ್ನೊಂದು ಜನ ಕೂತಿದ್ದರು.

ಇದು 2018ರ ಏಪ್ರಿಲ್ ಮಾತು. ಪಶ್ಚಿಮ ಕೀನ್ಯಾದಲ್ಲಿ, ಕಿಸುಮುವಿನಿಂದ ಒಂದು ತಾಸಿನ ದಾರಿಯ ಊರೊಂದರ ಆಸ್ಪತ್ರೆ. ಹುಬ್ಬಳ್ಳಿಯಲ್ಲಿ ಡಯಾಲಿಸಿಸ್ ಟೆಕ್ನಿಶಿಯನ್ ಕೋರ್ಸ್ ಮುಗಿಸಿ, ಬೆಂಗಳೂರಿನಲ್ಲಿ ನಾಲ್ಕು ವರ್ಷ ದುಡಿದು, ಎರಡು ವರ್ಷದ ಕರಾರಿನ ಮೇಲೆ ಅಲ್ಲಿಗೆ ಹೋಗಿದ್ದೆ. ಅಲ್ಲಿ ನನ್ನನ್ನು ಎಲ್ಲರೂ ಕರೆಯುತ್ತಿದ್ದದ್ದು 'ಫುಂಡಿ' ಎಂದು. ಗಾಡಿ ರಿಪೇರಿ ಮಾಡುವವನೂ ಫುಂಡಿ, ಬಟ್ಟೆ ಹೊಲಿಯುವವನೂ ಫುಂಡಿ, ನಾನೂ ಫುಂಡಿ. ಸ್ವಾಹಿಲಿ ಕಲಿಯುವುದು ನನಗೆ ಕಷ್ಟವಾಗಲಿಲ್ಲ. ನಮ್ಮ ಗದಗಿನ ಕಡೆ ಆಸ್ಪತ್ರೆಗೆ ದವಾಖಾನಿ ಅನ್ನುತ್ತೇವೆ, ಅಲ್ಲಿ ಔಷಧಿಗೆ 'ದವಾ'. ವಿಮೆಗೆ 'ಬೀಮಾ'. ನಗು ಬರುತ್ತಿದ್ದದ್ದು ಒಂದೇ ಶಬ್ದಕ್ಕೆ: ನೀರಿಗೆ 'ಮಾಜಿ'. ಅವತ್ತು ನಗು ಬರಲಿಲ್ಲ. ನೀರು ನಿಜವಾಗಿಯೂ ಮಾಜಿಯಾಗಿತ್ತು.

ನೀರಿನ ಲೆಕ್ಕ ಹೊರಗಿನವರಿಗೆ ಗೊತ್ತಿರುವುದಿಲ್ಲ. ನಾನೂ ಕೋರ್ಸಿಗೆ ಸೇರುವ ತನಕ ಡಯಾಲಿಸಿಸ್ ಅಂದರೆ ಯಂತ್ರ ಅಂತಲೇ ತಿಳಿದಿದ್ದೆ. ಒಂದು ನಿಮಿಷಕ್ಕೆ 500 ಮಿಲಿಲೀಟರ್ ದ್ರವ ಆ ಪೊರೆಯ ಪಕ್ಕದಲ್ಲಿ ಹರಿಯಬೇಕು. ನಾಲ್ಕು ತಾಸಿಗೆ 120 ಲೀಟರ್. ನಾವು ನೀವು ಒಂದು ವಾರ ಕುಡಿಯುವ ನೀರು ಹದಿನೈದು ಲೀಟರೂ ದಾಟುವುದಿಲ್ಲ. ವಾರಕ್ಕೆ ಎರಡು ಸರದಿ ಡಯಾಲಿಸಿಸ್ ಆಗುವವರ ರಕ್ತ 240 ಲೀಟರ್ ನೀರಿನ ಎದುರು ಹಾದು ಬರುತ್ತದೆ, ನಡುವೆ ಕೂದಲಿಗಿಂತ ತೆಳುವಾದ ಒಂದು ಪೊರೆ. ಕುಡಿದ ನೀರಿನಲ್ಲಿ ಕೆಟ್ಟದ್ದಿದ್ದರೆ ಹೊಟ್ಟೆ ಸ್ವಲ್ಪವಾದರೂ ತಡೆಯುತ್ತದೆ. ಇಲ್ಲಿ ಹೊಟ್ಟೆಯ ಕಾವಲು ಇಲ್ಲ. ಇದ್ದಿಲಿನ ಟ್ಯಾಂಕು, ಆರ್‌ಓ ಮತ್ತು ಫುಂಡಿ, ಈ ಮೂರೇ ಕಾವಲು.

2015ರಲ್ಲಿ ಕೀನ್ಯಾ ಸರಕಾರ 47 ಕೌಂಟಿಗಳ ಆಸ್ಪತ್ರೆಗಳಿಗೆ ದೊಡ್ಡ ದೊಡ್ಡ ಯಂತ್ರಗಳನ್ನು ಗುತ್ತಿಗೆ ಲೆಕ್ಕದಲ್ಲಿ ಕೊಡಿಸುವ ಯೋಜನೆ ತಂದಿತು. ಅದನ್ನು ಹಗುರವಾಗಿ ಮಾತಾಡಲಾರೆ. ಅದಕ್ಕೂ ಮೊದಲು ಸಣ್ಣ ಊರಿನವರು ಡಯಾಲಿಸಿಸ್‌ಗಾಗಿ ರಾತ್ರಿ ಬಸ್ಸು ಹತ್ತಿ ದೊಡ್ಡ ಊರಿಗೇ ಹೋಗಬೇಕಿತ್ತು. ಸರಕಾರಿ ವಿಮೆ ವಾರಕ್ಕೆ ಎರಡು ಸರದಿಗೆ ಹಣ ಕೊಡುತ್ತಿತ್ತು, ಸರದಿಗೆ 9,500 ಶಿಲ್ಲಿಂಗ್. ಪುಸ್ತಕ ಹೇಳುವುದು ವಾರಕ್ಕೆ ಮೂರು, ಎರಡಾದರೂ ಸಿಗುತ್ತಿತ್ತಲ್ಲ. ಆದರೆ ಯಂತ್ರಕ್ಕೆ ಪೂಜೆ ಮಾಡುವಾಗ ನಲ್ಲಿಯ ಕಡೆ ಯಾರೂ ನೋಡುವುದಿಲ್ಲ. ನಮ್ಮ ಕಡೆಯೂ ಅಷ್ಟೇ. ಎರಡು ತಿಂಗಳ ಹಿಂದೆಯೇ ನಾನು ಹೊಸ ಇದ್ದಿಲಿನ ಚೀಲಗಳಿಗೆ ಬರೆದುಕೊಟ್ಟಿದ್ದೆ. ಕಾಗದ ಯಾವುದೋ ಮೇಜಿನ ಮೇಲೆ ಸಹಿಗೆ ಕಾಯುತ್ತಿತ್ತು. ಅಷ್ಟರಲ್ಲಿ ಮಳೆ ಹೊಡೆಯಿತು, ನದಿ ಕೆಂಪಾಯಿತು, ನೀರು ಸರಬರಾಜಿನವರು ಕಾಲರಾ ಭಯಕ್ಕೆ ಕ್ಲೋರಿನ್ ಸುರಿದರು. ಅವರದೇನೂ ತಪ್ಪಿಲ್ಲ, ಕುಡಿಯುವವರಿಗೆ ಅದು ಬೇಕಿತ್ತು. ಸವೆದ ಇದ್ದಿಲಿಗೆ ಅಷ್ಟನ್ನು ಹೀರುವ ಶಕ್ತಿ ಇರಲಿಲ್ಲ.

ನೈರೋಬಿಗೆ ಫೋನ್ ಮಾಡಿದೆ. ಚೀಲ ಇದೆ, ರಾತ್ರಿ ಬಸ್ಸಿಗೆ ಹಾಕುತ್ತೇವೆ ಅಂದರು. ಅಂದರೆ ನಾಳೆ ಬೆಳಗ್ಗೆ.

ಹನ್ನೊಂದು ಜನರಿಗೆ 'ಕೇಶೊ', ನಾಳೆ ಬನ್ನಿ, ಎಂದು ಹೇಳಲು ಸಿಸ್ಟರ್ ಹೊರಟಿದ್ದರು. ತೋಟದ ಮಾಲಿ ಬಾಗಿಲ ಬಳಿ ನಿಂತು ನಮ್ಮ ಮಾತು ಕೇಳುತ್ತಿದ್ದ. ಲಾಂಡ್ರಿ ಹಿಂದಿನ ಕರಿ ಟ್ಯಾಂಕಿನಲ್ಲಿ ಮಳೆ ನೀರಿದೆಯಲ್ಲ, ಅದರಲ್ಲೂ ಕ್ಲೋರಿನ್ ಇರುತ್ತದೆಯೇ ಎಂದು ಕೇಳಿದ. ನಾನು ಅವನ ಮುಖವನ್ನೇ ನೋಡಿದೆ. ಗದಗ ಜಿಲ್ಲೆಯವನು ನಾನು. ಮುಂಡರಗಿ ಕಡೆ ಬೋರಿನ ನೀರಿನಲ್ಲಿ ಫ್ಲೋರೈಡ್, ಹಲ್ಲೆಲ್ಲ ಕಂದು. ನಾಣ್ಯ ಹಾಕಿ ಕೊಡ ತುಂಬಿಕೊಳ್ಳುವ ಆರ್‌ಓ ಘಟಕಗಳ ಮುಂದೆ ಸಾಲು ನಿಂತೇ ದೊಡ್ಡವನಾದವನು. (ಕೀನ್ಯಾದ ರಿಫ್ಟ್ ಕಣಿವೆಯಲ್ಲೂ ಅದೇ ಫ್ಲೋರೈಡ್, ಅದೇ ಕಂದು ಹಲ್ಲು. ನಾಕುರು ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ನಕ್ಕಾಗ ನನಗೆ ಊರ ಗೆಳೆಯನೇ ನೆನಪಾಗಿದ್ದ.) ಮಳೆ ನೀರಿನಷ್ಟು ಹಗುರ ನೀರು ಬೇರೆ ಇಲ್ಲ ಎಂದು ಅಜ್ಜಿ ಹೇಳಿದ್ದು ನನಗೇ ಹೊಳೆಯಲಿಲ್ಲ, ಮಾಲಿಗೆ ಹೊಳೆಯಿತು.

ಟ್ಯಾಂಕಿನ ಮುಚ್ಚಳ ತೆಗೆದೆ. ಮೂರು ದಿನ ಮಳೆ ಬಿಡುವು ಕೊಟ್ಟಿತ್ತು, ಲಾಂಡ್ರಿಯವರು ಧಾರಾಳವಾಗಿ ಬಳಸಿದ್ದರು. ಶೀಶೆಗೆ ಹಿಡಿದು ಪುಡಿ ಹಾಕಿದೆ. ಬಣ್ಣ ಬರಲಿಲ್ಲ. ತಗಡಿನ ಮೇಲಿನ ಧೂಳು, ಹಕ್ಕಿಯ ಹಿಕ್ಕೆ, ಎಲೆ ಎಲ್ಲ ತಳದಲ್ಲಿತ್ತು. ತಳ ಕದಡದ ಹಾಗೆ ಮೇಲಿನದನ್ನು ಎತ್ತಿದರೆ ಸುಮಾರು 700 ಲೀಟರ್. ಕೊಳವೆಯಲ್ಲಿ ನಿಂತಿದ್ದ ಕ್ಲೋರಿನ್ ನೀರು ತೊಳೆದು ಹೋಗಲು 150 ಬೇಕು. ಉಳಿದದ್ದು 550. ಆರ್‌ಓ ಹೊರಗೆ ಚೆಲ್ಲುವ ನೀರನ್ನು ಮತ್ತೆ ಟ್ಯಾಂಕಿಗೇ ತಿರುಗಿಸಿದೆ. ಹರಿವನ್ನು 500ರಿಂದ 300ಕ್ಕೆ ಇಳಿಸಿ, ನಾಲ್ಕು ತಾಸನ್ನು ಮೂರು ಮಾಡಿದರೆ ಒಬ್ಬರಿಗೆ, ಯಂತ್ರ ತೊಳೆಯುವುದೂ ಸೇರಿ, 75 ಲೀಟರ್. ಏಳು ಜನ. ಎಷ್ಟು ಸಲ ಕೂಡಿಸಿ ಕಳೆದರೂ ಏಳೇ.

ಕಿಡ್ನಿ ತಜ್ಞರು ಆ ದೇಶದಲ್ಲಿ ಬಹುತೇಕ ನೈರೋಬಿಯಲ್ಲೇ. ನಮ್ಮಲ್ಲಿದ್ದವರು ಒಬ್ಬ ಎಳೆ ವಯಸ್ಸಿನ ವೈದ್ಯೆ ಮತ್ತು ಒಬ್ಬ ಕ್ಲಿನಿಕಲ್ ಆಫೀಸರ್. ಡಿಪ್ಲೊಮಾ ಓದಿ ರೋಗಿಗಳನ್ನು ನೋಡುವ ಇಂಥವರ ಹೆಗಲ ಮೇಲೆಯೇ ಕೀನ್ಯಾದ ಸಣ್ಣ ಆಸ್ಪತ್ರೆಗಳು ನಿಂತಿರುವುದು. ಇಬ್ಬರೂ ಹನ್ನೊಂದು ಜನರ ಇಸಿಜಿ ತೆಗೆದರು, ತೂಕ ನೋಡಿದರು, ಕಾಲು ಒತ್ತಿ ನೋಡಿದರು. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲುವ ಅಪಾಯವಿದ್ದವರ ಇಸಿಜಿಯಲ್ಲಿ ಒಂದು ಅಲೆ ಗುಡಾರದ ಹಾಗೆ ಚೂಪಾಗಿ ಏಳುತ್ತದೆ. ಅಂಥವರು ನಾಲ್ಕು. ಉಸಿರು ಕಟ್ಟುತ್ತಿದ್ದವರು ಇಬ್ಬರು. ಏಳನೆಯ ಹೆಸರಿಗೆ ಅರ್ಧ ತಾಸು ಹಿಡಿಯಿತು.

ಆ ಅರ್ಧ ತಾಸಿನಲ್ಲಿ ಕ್ಲಿನಿಕಲ್ ಆಫೀಸರ್ ನನ್ನನ್ನು ಒಂದು ಪ್ರಶ್ನೆ ಕೇಳಿದ: "ಸೂಬ್ರಮನಿ ಅಂದರೆ ನಿಮ್ಮ ಕಡೆಯ ಹೆಸರಾ?" ಓದುವಾಗ ಅವನಿಗೆ ಪಾಠವಾಗಿದ್ದ ಕೇಸು ಅದು. ಡರ್ಬನ್ನಿನ ತ್ಯಾಗರಾಜ್ ಸೂಬ್ರಮನಿ, ವಯಸ್ಸು 41, ಕೆಲಸವಿಲ್ಲ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಕಿಡ್ನಿ ಕೈಕೊಟ್ಟಿದೆ. ಅಲ್ಲಿನ ಸರಕಾರಿ ಆಸ್ಪತ್ರೆಯಲ್ಲಿ ಯಂತ್ರಗಳು ಕಡಿಮೆ, ಕಿಡ್ನಿ ಕಸಿ ಮಾಡಿಸಿಕೊಳ್ಳಲು ಯೋಗ್ಯರಾದವರಿಗೆ ಮೊದಲ ಸರದಿ. ಈತ ಆ ಪಟ್ಟಿಗೆ ಬರಲಿಲ್ಲ, ಕೋರ್ಟಿಗೆ ಹೋದ. 1997ರ ನವೆಂಬರ್ 27ರಂದು ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯ, ತುರ್ತು ಚಿಕಿತ್ಸೆಯ ಹಕ್ಕು ಇಂಥ ನಿರಂತರ ಡಯಾಲಿಸಿಸ್‌ಗೆ ಅನ್ವಯಿಸುವುದಿಲ್ಲ ಎಂದಿತು. ತೀರ್ಪಿನ ನಂತರ ಆತ ಹೆಚ್ಚು ದಿನ ಬದುಕಲಿಲ್ಲ. "ನಮ್ಮ ಕಡೆಯದೇ, ನಮ್ಮ ಪಕ್ಕದವರದು" ಎಂದೆ. ಅವನು ತಲೆಯಾಡಿಸಿ ಮತ್ತೆ ಪಟ್ಟಿ ನೋಡತೊಡಗಿದ. ನ್ಯಾಯಾಧೀಶರು ಅಷ್ಟು ಜನ ಕೂತು ಮಾಡಿದ ಕೆಲಸವನ್ನು ನಾವು ಮೂವರು ಚಹಾ ಆರುವುದರೊಳಗೆ ಮಾಡಬೇಕಿತ್ತು.

ಏಳನೆಯ ಹೆಸರು ಶಾಲೆಯ ಮೇಷ್ಟ್ರದಾಯಿತು. ಅವರ ಕಡತ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ನಾಲ್ಕು ವರ್ಷದ ಹಿಂದಿನ ಒಂದು ಲ್ಯಾಬ್ ರಿಪೋರ್ಟಿನಲ್ಲಿ ಕಿಡ್ನಿ ಸೋಸುವ ವೇಗಕ್ಕೆ ಎರಡು ಸಾಲು: ಒಂದರಲ್ಲಿ 52, ಕೆಳಗೆ "ಆಫ್ರಿಕನ್ ಅಮೆರಿಕನ್ ಆಗಿದ್ದರೆ 63". ಮೇಷ್ಟ್ರು ಅಮೆರಿಕ ಕಂಡವರಲ್ಲ. ಆದರೂ ಎರಡನೆಯ ಸಾಲಿಗೇ ಯಾರೋ ಪೆನ್ನಿನಲ್ಲಿ ಸುತ್ತು ಹಾಕಿದ್ದರು. 60ಕ್ಕಿಂತ ಮೇಲಿದೆ, ಚಿಂತೆಯಿಲ್ಲ ಎಂದು ಕಳಿಸಿದ್ದರು. ಕಪ್ಪು ಜನರ ಮೈಯಲ್ಲಿ ಸ್ನಾಯು ಹೆಚ್ಚು, ಅದಕ್ಕೆ ಬಂದ ಸಂಖ್ಯೆಯನ್ನು 1.21ರಿಂದ ಗುಣಿಸಿ ಎನ್ನುವ ಅಮೆರಿಕದ ಸೂತ್ರ ಅದು. ಆಗ ನಾನೂ ಅದನ್ನು ಪ್ರಶ್ನೆ ಮಾಡಿದವನಲ್ಲ, ಪರೀಕ್ಷೆಗೆ ಬಾಯಿಪಾಠ ಮಾಡಿದವನು. 2021ರಲ್ಲಿ ಅಮೆರಿಕದವರೇ ಆ ಗುಣಾಕಾರ ಕೈಬಿಟ್ಟರು. 2022ರಲ್ಲಿ ಮಲಾವಿ, ಉಗಾಂಡಾ, ದಕ್ಷಿಣ ಆಫ್ರಿಕಾಗಳಲ್ಲಿ ಜನರಿಗೆ ಐಯೊಹೆಕ್ಸಾಲ್ ಎನ್ನುವ ದ್ರವ ಚುಚ್ಚಿ ಕಿಡ್ನಿ ಸೋಸುವ ವೇಗವನ್ನು ನೇರವಾಗಿ ಅಳೆದ ಅಧ್ಯಯನ ಬಂತು: ರಕ್ತದಲ್ಲಿರುವ ಕ್ರಿಯಾಟಿನಿನ್ ಎನ್ನುವ ಕಸ ನೋಡಿ ಲೆಕ್ಕ ಹಾಕುವ ಸೂತ್ರಗಳು ಅಲ್ಲಿನವರ ಕಿಡ್ನಿಯನ್ನು ಇರುವುದಕ್ಕಿಂತ ಚೆನ್ನಾಗಿದೆ ಎಂದು ತೋರಿಸುತ್ತವೆ. ಅದನ್ನು ಓದಿದ ದಿನ ನನಗೆ ಕಂಡದ್ದು ಆ ಪೆನ್ನಿನ ಸುತ್ತು.

ಮಧ್ಯಾಹ್ನದ ಹೊತ್ತಿಗೆ ಮಳೆ ನೀರು ಯಂತ್ರಗಳಲ್ಲಿ ಓಡುತ್ತಿತ್ತು. ಪ್ರತಿ ಅರ್ಧ ತಾಸಿಗೆ ನಾನು ಶೀಶೆ ಹಿಡಿದು ಪುಡಿ ಹಾಕುತ್ತಿದ್ದೆ. ಎರಡನೇ ತಂಡದಲ್ಲಿ ಒಬ್ಬಾಕೆಗೆ ಚಳಿ ನಡುಕ ಬಂತು. ಸಿಸ್ಟರ್ ನನ್ನ ಕಡೆ ನೋಡಿದರು, ನಾನು ಟ್ಯಾಂಕಿನ ಕಡೆ. ಆಕೆಯ ಕುತ್ತಿಗೆಯಲ್ಲಿ ರಕ್ತ ಎಳೆಯುವ ನಳಿಕೆ, ಕ್ಯಾತಿಟರ್, ಇತ್ತು, ಅದರ ಸೋಂಕಿಗೂ ಹೀಗೆಯೇ ನಡುಕ ಬರುತ್ತದೆ. ನೀರಿನದೋ ಕ್ಯಾತಿಟರಿನದೋ ಇವತ್ತಿಗೂ ಹೇಳಲಾರೆ. ಡಯಾಲಿಸಿಸ್ ನಿಲ್ಲಿಸಿ, ಆಂಟಿಬಯೊಟಿಕ್ ಕೊಟ್ಟು, ಮಲಗಿಸಿಕೊಂಡರು. ಸಂಜೆಗೆ ಎದ್ದು ಕೂತಳು. ಆ ಮೂರು ತಾಸು ನಾನು ಯಾರ ಮುಖವನ್ನೂ ನೋಡಲಿಲ್ಲ.

ಇಷ್ಟೆಲ್ಲದರ ನಡುವೆ ಪಟ್ಟಿಯಲ್ಲಿಲ್ಲದ ಹನ್ನೆರಡನೆಯ ಜೀವ ಬಂತು. ಹೆರಿಗೆಯಾಗಿ ಮೂರು ದಿನದ ಬಾಣಂತಿ, ವಯಸ್ಸು ಇಪ್ಪತ್ತೆರಡು. ಹಳ್ಳಿಯಲ್ಲಿ ರಕ್ತ ಬಹಳ ಹೋಗಿತ್ತು, ಎರಡು ದಿನದಿಂದ ಮೂತ್ರವೇ ಇಲ್ಲ. ಮುಖ ಬಾತು ಕಣ್ಣು ಮುಚ್ಚಿಕೊಂಡಿತ್ತು. ಮೇಷ್ಟ್ರ ಕಿಡ್ನಿ ಮತ್ತೆ ಚಿಗುರುವುದಿಲ್ಲ, ಇವಳದು ಚಿಗುರಬಹುದು. ರಕ್ತ ಸಿಗದೆ ಬಾಡಿದ ಕಿಡ್ನಿಗೆ ಒಂದೆರಡು ವಾರ ಯಾರಾದರೂ ಕೆಲಸ ಮಾಡಿಕೊಟ್ಟರೆ ಅದು ಎದ್ದು ಕೂರುತ್ತದೆ. ಆದರೆ ನನ್ನ ಹತ್ತಿರ ನೀರಿರಲಿಲ್ಲ.

ವೈದ್ಯೆ ಎಲ್ಡೊರೆಟ್‌ನಲ್ಲಿ ಓದುವಾಗ ಪೆರಿಟೋನಿಯಲ್ ಡಯಾಲಿಸಿಸ್ ನೋಡಿದ್ದರು. ಹೊಟ್ಟೆಯೊಳಗಿನ ಪೊರೆಯೇ ಅಲ್ಲಿ ಜರಡಿ. ಯಂತ್ರ ಬೇಡ, ಕರೆಂಟು ಬೇಡ, ಆರ್‌ಓ ಬೇಡ. ಕಪಾಟಿನಲ್ಲಿ ದಾನ ಬಂದಿದ್ದ ಎರಡು ಕ್ಯಾತಿಟರ್ ಇದ್ದವು. ಅದಕ್ಕೆ ಬೇಕಾದ ದ್ರವದ ಚೀಲ ಒಂದೂ ಇರಲಿಲ್ಲ. ನೈರೋಬಿಯ ತಜ್ಞರು ಫೋನಿನಲ್ಲಿ ಹೇಳಿದರು: ಒಂದು ಲೀಟರ್ ರಿಂಗರ್ಸ್ ಲ್ಯಾಕ್ಟೇಟ್‌ಗೆ 50 ಪರ್ಸೆಂಟಿನ ಡೆಕ್ಸ್‌ಟ್ರೋಸ್ 30 ಮಿಲಿಲೀಟರ್ ಸೇರಿಸಿ, ಕೈ ಚೊಕ್ಕ ಇರಲಿ. ಯಾವ ವಾರ್ಡಿನಲ್ಲೂ ಸಿಗುವ ಸಲೈನ್ ಬಾಟಲಿ, ಯಾವ ವಾರ್ಡಿನಲ್ಲೂ ಸಿಗುವ ಗ್ಲೂಕೋಸ್. 2012ರಿಂದ 'ಸೇವಿಂಗ್ ಯಂಗ್ ಲೈವ್ಸ್' ಎನ್ನುವ ಯೋಜನೆ ಆಫ್ರಿಕಾದ ಇಂಥ ಆಸ್ಪತ್ರೆಗಳ ವೈದ್ಯರು, ನರ್ಸ್‌ಗಳಿಗೆ ಇದೇ ವಿದ್ಯೆ ಕಲಿಸುತ್ತ ಬಂದಿದೆ ಎಂದು ನನಗೆ ಗೊತ್ತಾದದ್ದು ಆಮೇಲೆ. ವೈದ್ಯೆಯ ಕೈ ನಡುಗಿದ್ದು ಚರ್ಮ ಕೊಯ್ಯುವ ತನಕ ಮಾತ್ರ. ದ್ರವವನ್ನು ಮೈ ಬಿಸಿಗೆ ತರಲು ಹೆರಿಗೆ ವಾರ್ಡಿನಲ್ಲಿ ಕೂಸು ಮಲಗಿಸುವ ವಾರ್ಮರ್ ಕೆಳಗೆ ಬಾಟಲಿಗಳನ್ನು ಸಾಲಾಗಿ ಮಲಗಿಸಿದೆವು. ಒಳಗೆ ಬಿಡುವುದು, ನಿಲ್ಲಿಸುವುದು, ಹೊರಗೆ ಹರಿಸುವುದು. ರಾತ್ರಿಯಿಡೀ. ಒಂದೊಂದು ಸುತ್ತಿಗೂ ನರ್ಸಿಂಗ್ ಓದುವ ಹುಡುಗಿ ಗೋಡೆಯ ಹಲಗೆ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದಳು.

ಒಂಬತ್ತು ಗಂಟೆಗೆ ಅವ್ವನ ಫೋನು ಬಂತು. ಉಂಡಿಯೇನು ಅಂದಳು. ಇಲ್ಲಿ ನೀರಿಲ್ಲ ಅವ್ವಾ, ಅದೇ ಗದ್ದಲ ಅಂದೆ. "ದವಾಖಾನ್ಯಾಗ ನೀರಿಲ್ಲಂದ್ರ ಹ್ಯಾಂಗಪಾ? ಕುಡಿಯಾಕರ ಅದಾವಿಲ್ಲೋ?" ಕುಡಿಯಲು ಇದೆ ಎಂದು ಹೇಳಿ ಇಟ್ಟೆ.

ಬಾಣಂತಿಗೆ ಆರನೆಯ ದಿನ ಮೂತ್ರ ಬಂತು. ಸಿಸ್ಟರ್ ಅಳತೆಯ ಜಗ್ಗನ್ನು ಎರಡೂ ಕೈಯಲ್ಲಿ ಹಿಡಿದು ಕಾರಿಡಾರಿನಲ್ಲಿ ಎಲ್ಲರಿಗೂ ತೋರಿಸುತ್ತ ಬಂದರು, ಪ್ರಸಾದ ಹಂಚುವವರ ಹಾಗೆ.

ವಾಪಸ್ ಹೋದ ನಾಲ್ವರಲ್ಲಿ ಮೂವರು ಮರುದಿನವೇ ಬಂದರು. ಇದ್ದಿಲು ಬದಲಾಗಿತ್ತು, ಶೀಶೆಯಲ್ಲಿ ಬಣ್ಣ ಬರುತ್ತಿರಲಿಲ್ಲ. ನಾಲ್ಕನೆಯವರು ವಿಕ್ಟೋರಿಯಾ ಸರೋವರದ ದಂಡೆಯ ಮುದಿ ಮೀನುಗಾರ. ಮಟಾಟು ಗಾಡಿಯ ಬಾಡಿಗೆ ಹಿಂದಿನ ದಿನವೇ ಖರ್ಚಾಗಿ ಹೋಗಿತ್ತು, ಹೊಂದಿಸಿಕೊಂಡು ಬರಲು ಮೂರು ದಿನ ಹಿಡಿಯಿತು. ತಕ್ಕಡಿ ಹತ್ತಿದರೆ ಇರಬೇಕಾದ ತೂಕಕ್ಕಿಂತ ಐದು ಕಿಲೋ ಹೆಚ್ಚು, ಎಲ್ಲ ಮೈಯಲ್ಲಿ ನಿಂತ ನೀರು. ಏದುಸಿರು ಬಿಡುತ್ತ ಕುರ್ಚಿಯಲ್ಲಿ ಕೂತರು. 'ಶಿಕಾಮೂ, ಮ್ಜೇ' ಎಂದು ಹಿರಿಯರಿಗೆ ಹೇಳುವ ನಮಸ್ಕಾರ ಹೇಳಿದೆ. 'ಮರಹಬಾ' ಎಂದವರು ಸೂಜಿ ಚುಚ್ಚುವುದನ್ನೂ ನೋಡದೆ ಯಂತ್ರದ ಹಿಂದಿನ ಕೊಳವೆಯನ್ನೇ ನೋಡಿದರು.

"ಮಾಜಿ ಯಾ ಮ್ವುವಾ?" ಮಳೆ ನೀರೇನು?

ಅಲ್ಲ, ನಲ್ಲಿಯದು, ಈಗ ಚೆನ್ನಾಗಿದೆ ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಪಕ್ಕದ ಕುರ್ಚಿಯ ಮೇಷ್ಟ್ರ ಕಡೆ ತಿರುಗಿ, ನಿಮಗೆಲ್ಲ ಮಳೆ ನೀರು ಕೊಟ್ಟರಂತೆ, ನನಗೆ ಮಾತ್ರ ನಲ್ಲಿಯದು ನೋಡಿ, ಎಂದು ದೂರಿದರು.