ರೇಖೆ ಇಳಿದದ್ದೇಕೆ?

7075 ಅಲ್ಯೂಮಿನಿಯಂ ಮಿಶ್ರಲೋಹದ ಬಿಸಿ ಫೋರ್ಜಿಂಗ್‌ಗೆ (ಕಾಯಿಸಿದ ಲೋಹವನ್ನು ಒತ್ತಿ ಆಕಾರ ಕೊಡುವುದಕ್ಕೆ) ಕಂಪ್ಯೂಟರ್ ಮಾದರಿ ಕಟ್ಟುವ ಕೆಲಸದಲ್ಲಿ, ಆ ದಿನ ಪ್ರಯೋಗಾಲಯದಲ್ಲಿ 10 ಮಿಲಿಮೀಟರ್ ವ್ಯಾಸದ, 15 ಮಿಲಿಮೀಟರ್ ಎತ್ತರದ ಸಿಲಿಂಡರ್‌ಗಳನ್ನು ಒತ್ತುತ್ತಿದ್ದೆವು. ಎರಡೂ ತುದಿಗಳಿಗೆ ಗ್ರ್ಯಾಫೈಟ್ ಹಚ್ಚಿ, 400 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಎತ್ತರ ಅರ್ಧಕ್ಕಿಳಿಯುವವರೆಗೆ ಒತ್ತಬೇಕು. ಉಕ್ಕಿನಂತೆ ಅಲ್ಯೂಮಿನಿಯಂ ಕೆಂಪಗಾಗಿ ತನ್ನ ಬಿಸಿಯನ್ನು ತೋರಿಸಿಕೊಡುವುದಿಲ್ಲವಾದ್ದರಿಂದ ತಾಪಮಾನ ಅಳೆಯುವ ತಂತಿ ಜೋಡಿಯಾದ ಥರ್ಮೋಕಪಲ್ ಹೇಳಿದ್ದನ್ನೇ ನಂಬಬೇಕು.

ಸೆಕೆಂಡಿಗೆ 0.01ರ ಸ್ಟ್ರೈನ್ ದರದಲ್ಲಿ, ಅಂದರೆ ಆಕಾರ ಬದಲಾಗುವ ವೇಗದಲ್ಲಿ, ಒತ್ತಿದಾಗ ಒಂದು ನಿಮಿಷಕ್ಕೂ ಹೆಚ್ಚು ಸಮಯ ಹಿಡಿಯಿತು. ಲೋಹ ಒಡ್ಡುವ ಒತ್ತಡದ ರೇಖೆ ಏರಿ, ಬೇಗನೆ ಸಮತಟ್ಟಾಯಿತು. ಹರಳುಗಳೊಳಗೆ ಹುಟ್ಟುವ ಡಿಸ್‌ಲೊಕೇಷನ್‌ಗಳು (ಪರಮಾಣುಗಳ ಜೋಡಣೆಯಲ್ಲಿನ ಗೆರೆಯಂಥ ದೋಷಗಳು) ಈ ಲೋಹದಲ್ಲಿ ಸುಲಭವಾಗಿ ಜಾರುವ ತಲವನ್ನು ಬದಲಿಸಿ ಒಂದನ್ನೊಂದು ಅಳಿಸಿಕೊಳ್ಳುವುದರಿಂದ, ಗಡಸಾಗುವುದೂ ಮೆದುವಾಗುವುದೂ ಸರಿದೂಗುತ್ತವೆ. ದರವನ್ನು 10ಕ್ಕೆ ಏರಿಸಿದಾಗ ಎಲ್ಲವೂ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಮುಗಿಯಿತು. ರೇಖೆ ಮಾತ್ರ ತುದಿ ಮುಟ್ಟಿ ಕೆಳಗಿಳಿಯುತ್ತಲೇ ಹೋಯಿತು.

ಲೋಹವನ್ನು ಮೆದುವಾಗಿಸುವ ಹೊಸ ಹರಳುಗಳು ಹುಟ್ಟಿರಬೇಕೆಂದು ಕಿರಿಯ ಸಹೋದ್ಯೋಗಿಯೊಬ್ಬರು ಊಹಿಸಿದರು. ಲೋಹದ ಒಳರಚನೆಯನ್ನು ದೂರುವ ಮುನ್ನ ಶಾಖದ ಲೆಕ್ಕ ನೋಡುವುದೇ ನನಗೆ ಸರಿಯೆನಿಸಿತು. ಒತ್ತಲು ವ್ಯಯವಾದ ಶಕ್ತಿಯ ಬಹುಪಾಲು ಶಾಖವಾಗುತ್ತದೆ. ಅಷ್ಟು ಕಡಿಮೆ ಸಮಯದಲ್ಲಿ ಅದು ಹೊರಹೋಗಲಾರದು, ಲೋಹವೇ ಬಿಸಿಯಾಗಿ ಮೆದುವಾಗುತ್ತದೆ. ಸುಮಾರು 120 ಮೆಗಾಪಾಸ್ಕಲ್ ಒತ್ತಡ ಮತ್ತು 0.7ರ ಸ್ಟ್ರೈನ್ (ಎತ್ತರ ಅರ್ಧವಾಗುವುದರ ಲಾಗರಿದಮ್ ಅಳತೆ) ಇಟ್ಟು ಲೆಕ್ಕ ಹಾಕಿದರೆ ತಾಪಮಾನ 25 ಡಿಗ್ರಿಗೂ ಮೀರಿ ಏರುತ್ತದೆ, ಥರ್ಮೋಕಪಲ್ ತೋರಿಸಿದ ಏರಿಕೆಯೂ ಅದರ ಹತ್ತಿರವೇ ಇತ್ತು. ಆ ಏರಿಕೆಯನ್ನು ತಿದ್ದಿ, 400 ಡಿಗ್ರಿಗೆ ಹೊಂದಿಸಿ ಮತ್ತೆ ಎಳೆದ ರೇಖೆಯಲ್ಲಿ ಇಳಿಜಾರಿನ ಬಹುಭಾಗ ಕಾಣೆಯಾಗಿತ್ತು.

ಈ ತಿದ್ದುಪಡಿ ಬರೀ ಅಚ್ಚುಕಟ್ಟಿನ ಪ್ರಶ್ನೆಯಲ್ಲ. ಲೋಹಗಳನ್ನು ಅಧ್ಯಯನ ಮಾಡಿದ ವಿಜ್ಞಾನಿಗಳಾದ ಝೀನರ್ ಮತ್ತು ಹಾಲೊಮನ್ 1944ರಲ್ಲಿ ಮುಂದಿಟ್ಟ ಸೂತ್ರ ವೇಗವನ್ನೂ ತಾಪಮಾನವನ್ನೂ ಒಂದೇ ಸಂಖ್ಯೆಯಾಗಿ ಹೆಣೆಯುತ್ತದೆ. ನಮ್ಮ ಮಾದರಿ ನಿಂತಿದ್ದೂ ಅದರ ಮೇಲೆಯೇ. ಅದಕ್ಕೆ ತಪ್ಪು ತಾಪಮಾನ ಕೊಟ್ಟರೆ ಸಿಗುವ ಸ್ಥಿರಾಂಕಗಳೂ ತಪ್ಪುತ್ತವೆ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ: ಸಿಮ್ಯುಲೇಷನ್ ತಂತ್ರಾಂಶ ಶಾಖದ ಏರಿಕೆಯನ್ನು ತಾನೇ ಲೆಕ್ಕ ಹಾಕುವುದರಿಂದ, ತಿದ್ದದ ರೇಖೆಯನ್ನು ಅದಕ್ಕೆ ಕೊಟ್ಟರೆ ಒಂದೇ ಶಾಖವನ್ನು ಎರಡು ಬಾರಿ ಎಣಿಸಿ, ಪ್ರೆಸ್‌ಗೆ ಬೇಕಾದ ಬಲವನ್ನು ಕಡಿಮೆ ತೋರಿಸುತ್ತದೆ.

ಸಂಜೆ ತಿದ್ದಿದ ಅಂಕಿಗಳನ್ನಿಟ್ಟು ಸಿಮ್ಯುಲೇಷನ್ ನಡೆಸಿದಾಗ ಬಲ ಹೆಚ್ಚಾಯಿತು, ಅದು ನಿರೀಕ್ಷಿತವೇ. ಆದರೆ ಬಿಲೆಟ್ಟನ್ನು (ಫೋರ್ಜಿಂಗ್‌ಗೆ ಇಡುವ ಲೋಹದ ತುಂಡನ್ನು) 440 ಡಿಗ್ರಿಯಲ್ಲಿಟ್ಟು ವೇಗವಾಗಿ ಒತ್ತಿದರೆ, ಅದರಿಂದಾಗುವ ಬಿಡಿಭಾಗದ ತೆಳುವಾದ ಜಾಗಗಳು ಈ ಮಿಶ್ರಲೋಹ ಕರಗಲು ತೊಡಗುವ ಸುಮಾರು 477 ಡಿಗ್ರಿಯ ತೀರಾ ಸಮೀಪಕ್ಕೆ ಹೋಗುತ್ತಿದ್ದವು. ಪ್ರೆಸ್‌ನ ವೇಗವನ್ನು ತಗ್ಗಿಸಿ, ಬಿಲೆಟ್‌ನ ತಾಪಮಾನವನ್ನೂ ಇಳಿಸಿ ಮುಂದಿನ ಲೆಕ್ಕಕ್ಕೆ ಕಂಪ್ಯೂಟರನ್ನು ಹಚ್ಚಿದೆವು.